ಜೇಬಿನ ಚಾಕು, ಗಾಜಿನ ಪೆಟ್ಟಿಗೆ

ಮಡಚುವ ಚಾಕುಗಳನ್ನು ಸಂಗ್ರಹಿಸುವವರ ನಡುವೆ ಒಂದು ನಂಬಿಕೆ ಗಟ್ಟಿಯಾಗಿ ಬೇರು ಬಿಟ್ಟಿದೆ: ಬಳಸದ ಚಾಕುವಿಗೇ ಬೆಲೆ. ಅಲಗಿನ ಮೇಲೆ ಒಂದು ಗೆರೆಯೂ ಇರಬಾರದು, ಅದು ಒಮ್ಮೆಯೂ ಸಾಣೆಕಲ್ಲು ಕಂಡಿರಬಾರದು. ಕಾರ್ಖಾನೆಯ ರಟ್ಟಿನ ಡಬ್ಬಿ, ಎಣ್ಣೆ ಕಾಗದ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಅಮೆರಿಕದಲ್ಲಿ ಈ ನಂಬಿಕೆ ಒಂದು ಮಾರುಕಟ್ಟೆಯಾಗಿ ಬೆಳೆದ ಬಗೆಯನ್ನು ಗಮನಿಸಬೇಕು. ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡ್ ಊರಿನ ಕೇಸ್ ಕಂಪನಿ 1970ರಲ್ಲಿ ಅಲಗಿನ ಬುಡದ ಮುದ್ರೆಯ ಕೆಳಗೆ ಹತ್ತು ಚುಕ್ಕೆಗಳನ್ನು ಹಾಕಿ, ಅಲ್ಲಿಂದ ಮುಂದೆ ವರ್ಷಕ್ಕೊಂದು ಚುಕ್ಕೆಯನ್ನು ಕಳೆಯುತ್ತ ಬಂತು. ಚಾಕು ಯಾವ ವರ್ಷದ್ದೆಂದು ಗುರುತಿಸಲು ಮಾಡಿದ ಈ ಏರ್ಪಾಟು ಸಂಗ್ರಹಕಾರರ ಕೈಗೆ ಸಿಕ್ಕ ಕೀಲಿಕೈಯಾಯಿತು. ಹಳೆಯ ಮುದ್ರೆಯ ಚಾಕುಗಳಿಗಾಗಿ ಸಣ್ಣ ಊರುಗಳ ಹಾರ್ಡ್‌ವೇರ್ ಅಂಗಡಿಗಳ ಮೂಲೆ ಮೂಲೆ ತಡಕಾಡಿದರು. 1972ರಲ್ಲಿ ಸಂಗ್ರಹಕಾರರದೇ ಒಂದು ರಾಷ್ಟ್ರೀಯ ಸಂಘ ಹುಟ್ಟಿತು. ಈಗ ಅದೇ ರಾಜ್ಯದ ಟೈಟಸ್‌ವಿಲ್‌ನಲ್ಲಿ 2006ರಿಂದ ಗ್ರೇಟ್ ಈಸ್ಟರ್ನ್ ಕಟ್ಲರಿ ಎಂಬ ಕಾರ್ಖಾನೆ ಹಳೆಯ ಮಾದರಿಗಳನ್ನು ಸಣ್ಣ ಸಣ್ಣ ಕಂತುಗಳಲ್ಲಿ ಮಾಡುತ್ತಿದೆ. ಕೊಂಡವರಲ್ಲಿ ಎಷ್ಟೋ ಜನ ಡಬ್ಬಿಯನ್ನು ಬಿಚ್ಚದೆ ಹೆಚ್ಚಿನ ಬೆಲೆಗೆ ಮುಂದಿನವರಿಗೆ ದಾಟಿಸುತ್ತಾರೆ.

ಬೀದಿಯಲ್ಲಿ ಇನ್ನೊಂದು ನಂಬಿಕೆಯಿದೆ. ಜೇಬಿನಲ್ಲಿ ಚಾಕು ಇಟ್ಟುಕೊಂಡವನು ಸಜ್ಜನನಲ್ಲ. ಊಟದ ಡಬ್ಬಿಯ ಪಕ್ಕದಿಂದ ಅಂಗೈಯಗಲದ ಚಾಕುವೊಂದನ್ನು ತೆಗೆದು ಸೀಬೆಹಣ್ಣು ಹೆಚ್ಚಿದರೂ ಸುತ್ತ ಕುಳಿತವರ ಮುಖ ಬದಲಾಗುತ್ತದೆ. ‘ಇದನ್ನೆಲ್ಲ ಯಾಕೆ ಇಟ್ಕೊಂಡು ಓಡಾಡ್ತೀರಿ’ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಒಂದು ಗುಂಪಿಗೆ ಚಾಕುವಿನ ಮೇಲೆ ಅತಿಯಾದ ಮೋಹ, ಇನ್ನೊಂದಕ್ಕೆ ಅತಿಯಾದ ಭಯ. ಇವೆರಡೂ ಎದುರುಬದುರು ನಿಂತಿವೆ ಎಂದು ಎಲ್ಲರೂ ಭಾವಿಸುತ್ತಾರೆ. ನಾನು ಹಾಗೆ ಭಾವಿಸುವುದಿಲ್ಲ. ಮೋಹವೂ ಭಯವೂ ಸೇರಿ ಮಾಡುವ ಕೆಲಸ ಒಂದೇ: ಚಾಕುವನ್ನು ಅದರ ದುಡಿಮೆಯಿಂದ ಬಿಡಿಸುವುದು. ಬಳಕೆಯೇ ಈ ವಸ್ತುವಿನ ರೂಪವನ್ನು ಕೆತ್ತಿದೆ. ಆದ್ದರಿಂದ ಪಾರಂಪರಿಕ ಜೇಬಿನ ಚಾಕುಗಳನ್ನು ಸಂಗ್ರಹಿಸುವುದೆಂದರೆ ಅವುಗಳನ್ನು ಸರದಿಯಂತೆ ಜೇಬಿಗಿಳಿಸುವುದು, ಕತ್ತರಿಸುವುದು, ಮಸೆಯುವುದು, ಸವೆಸುವುದು. ಉಳಿದದ್ದನ್ನು ದಾಸ್ತಾನು ಎನ್ನಬಹುದು, ಸಂಗ್ರಹ ಎನ್ನಲಾರೆ.

ಎದುರು ಪಕ್ಷಕ್ಕೆ ದೊಡ್ಡವರ ಬೆಂಬಲವಿದೆ. ಹತ್ತೊಂಬತ್ತನೇ ಶತಮಾನದ ಪ್ಯಾರಿಸ್ ಬಗ್ಗೆ 1935ರಲ್ಲಿ ಬರೆದ ಟಿಪ್ಪಣಿಯಲ್ಲಿ ಜರ್ಮನ್ ಚಿಂತಕ ವಾಲ್ಟರ್ ಬೆಂಜಮಿನ್, ಉಪಯೋಗಕ್ಕೆ ಬರಬೇಕೆಂಬ ಜೀತದಿಂದ ವಸ್ತುಗಳನ್ನು ಬಿಡಿಸುವವನು ಸಂಗ್ರಹಕಾರ ಎಂಬ ಅರ್ಥದ ಮಾತನ್ನು ಹೇಳುತ್ತಾನೆ. ಅವನು ಸ್ವತಃ ಪುಸ್ತಕಗಳನ್ನು ಸಂಗ್ರಹಿಸುತ್ತಿದ್ದವನು. ಪುಸ್ತಕದ ಮಟ್ಟಿಗೆ ಆ ಮಾತಿನಲ್ಲಿ ಹುರುಳಿದೆ. ಓದದೆ ಇಟ್ಟ ಪ್ರತಿಯಲ್ಲಿಯೂ ಪುಸ್ತಕ ಪೂರ್ತಿಯಾಗಿಯೇ ಇರುತ್ತದೆ, ಅದರ ಒಂದಕ್ಷರವೂ ಓದುಗನಿಗಾಗಿ ಕಾಯುವುದಿಲ್ಲ. ಚಾಕು ಹಾಗಲ್ಲ. ಕಾರ್ಖಾನೆ ಕೊಡುವುದು ಎಲ್ಲರಿಗೂ ಸಾಲುವಂಥ ಒಂದು ಅಂಚನ್ನು. ಹಗ್ಗ ಕೊಯ್ಯುವವನಿಗೆ ಅದು ತೆಳುವಾಯಿತು, ಹಣ್ಣು ಸುಲಿಯುವವನಿಗೆ ದಪ್ಪವಾಯಿತು. ಹಿಡಿದವನು ತನ್ನ ಕೆಲಸಕ್ಕೆ ತಕ್ಕ ಕೋನದಲ್ಲಿ ಮಸೆದ ಮೇಲೆ ಅದು ಪೂರ್ತಿಯಾಗತೊಡಗುತ್ತದೆ. ಡಬ್ಬಿಯೊಳಗಿನ ಚಾಕು ಜೀತದಿಂದ ಬಿಡುಗಡೆಯಾದದ್ದಲ್ಲ. ಅದಿನ್ನೂ ಕೆಲಸಕ್ಕೆ ಸೇರಿಯೇ ಇಲ್ಲ.

ಜೊತೆಗಿಟ್ಟುಕೊಂಡು ಓಡಾಡಿದರೆ ಮಾತ್ರ ತಿಳಿಯುವ ಸಂಗತಿಗಳು ಎಷ್ಟಿವೆ ಎನ್ನುವುದಕ್ಕೆ ಒಪಿನೆಲ್ ಸಾಕು. ಫ್ರಾನ್ಸಿನ ಸವೋಯ್ ಬೆಟ್ಟಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ರೈತರ ಚಾಕು ಇದು: ಒಂದು ಅಲಗು, ಒಂದು ಮರದ ಹಿಡಿ, ಒಂದು ಮೊಳೆ, ಒಂದು ಲೋಹದ ಉಂಗುರ. 1897ರ ಹೊತ್ತಿಗೆ ಹನ್ನೆರಡು ಅಳತೆಗಳಲ್ಲಿ ಸಿಗುತ್ತಿತ್ತು. ಅಲಗು ಬೆರಳಿನ ಮೇಲೆ ಮಡಚಿಕೊಳ್ಳದಂತೆ ತಡೆಯುವ ತಿರುಗುವ ಉಂಗುರ 1955ರಲ್ಲಿ ಬಂತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಇದನ್ನು ಒಳ್ಳೆಯ ವಿನ್ಯಾಸದ ಮಾದರಿಯೆಂದು ಪ್ರದರ್ಶಿಸಿದೆ. ಆದರೆ ಸಂಗ್ರಹಾಲಯದ ಗಾಜು ಹೇಳಲಾಗದ ಮಾತೊಂದಿದೆ. ಹಿಡಿ ಬೀಚ್ ಮರದ್ದು. ತೇವ ಕುಡಿದರೆ ಊದಿಕೊಂಡು ಅಲಗನ್ನು ಬಿಗಿಯಾಗಿ ಕಚ್ಚಿ ಹಿಡಿಯುತ್ತದೆ, ಉಗುರು ಹಾಕಿ ಎಳೆದರೂ ಬರುವುದಿಲ್ಲ. ಸವೋಯ್ ಜನ ಇದಕ್ಕೊಂದು ಉಪಾಯ ಕಂಡುಕೊಂಡರು. ಹಿಡಿಯ ಹಿಂತುದಿಯನ್ನು ಮೇಜಿನಂಚಿಗೆ ಒಮ್ಮೆ ಕುಟ್ಟಿದರೆ ಅಲಗು ಅಷ್ಟೇ ಅಷ್ಟು ಈಚೆ ಜರುಗುತ್ತದೆ, ಆಮೇಲೆ ಎರಡು ಬೆರಳಲ್ಲಿ ಹಿಡಿದು ಬಿಚ್ಚಬಹುದು. ‘ಸವೋಯ್ ಪೆಟ್ಟು’ ಎಂದೇ ಅದಕ್ಕೆ ಹೆಸರು. ನಮ್ಮ ಮಳೆಗಾಲದ ಗಾಳಿಗೂ ಆ ಮರ ಹಾಗೆಯೇ ಊದಿಕೊಳ್ಳುತ್ತದೆ, ಆ ಪೆಟ್ಟು ಇಲ್ಲಿಯೂ ಕೆಲಸ ಮಾಡುತ್ತದೆ. ಬಿಗಿದದ್ದನ್ನು ದೋಷವೆಂದು ಬರೆಯುವ ವಿಮರ್ಶಕರನ್ನು ನಾನು ಓದಿದ್ದೇನೆ. ಅವರ ಚಾಕು ಕಪಾಟಿನಿಂದ ಈಚೆ ಬಂದದ್ದೇ ಕಡಿಮೆ.

ಇಂಗ್ಲೆಂಡ್ ಮತ್ತು ಅಮೆರಿಕದ ಹಳೆಯ ಜೇಬಿನ ಚಾಕುಗಳಲ್ಲಿ ಇಂಥ ಉಂಗುರವೂ ಇಲ್ಲ, ಬೀಗವೂ ಇಲ್ಲ. ಬೆನ್ನಿನುದ್ದಕ್ಕೂ ಮಲಗಿರುವ ಉಕ್ಕಿನ ಪಟ್ಟಿಯೊಂದು ಅಲಗಿನ ಬುಡವನ್ನು ಒತ್ತಿ ಹಿಡಿಯುತ್ತದೆ, ಅಷ್ಟೆ. ಬಿಚ್ಚುವಾಗ ಮೊದಲು ತಡೆ, ಆಮೇಲೆ ಒಂದು ಜಾರು, ಕೊನೆಗೆ ಟಕ್ ಎಂಬ ಸದ್ದು. ಬಲ್ಲವರು ಆ ಸದ್ದಿನಿಂದಲೇ ಕೆಲಸಗಾರನ ಕೈಯನ್ನು ಅಳೆಯುತ್ತಾರೆ. ಅಮೆರಿಕದ ಪಶುಪಾಲಕರಿಗೆಂದು ರೂಪುಗೊಂಡ ಸ್ಟಾಕ್‌ಮನ್ ಮಾದರಿಯಲ್ಲಿ ಮೂರು ಅಲಗುಗಳು. ಚೂಪು ಮೊನೆಯದು ಎಲ್ಲ ಕೆಲಸಕ್ಕೂ. ನೇರ ಅಂಚಿನದು ಹಗ್ಗ, ಚರ್ಮಗಳಿಗೆ. ಮೊನೆ ಮೊಂಡಾದ ಮೂರನೆಯದು ಹೋರಿಗರುಗಳ ಬೀಜ ಒಡೆಯುವುದಕ್ಕೆ, ಪ್ರಾಣಿ ಮಿಸುಕಾಡಿದರೂ ಚುಚ್ಚದಿರಲೆಂದು. ಬಳಸಿ ಬಿಟ್ಟ ಹಳೆಯ ಸ್ಟಾಕ್‌ಮನ್ ಒಂದನ್ನು ಬಿಚ್ಚಿದರೆ ಯಾವ ಅಲಗು ಎಷ್ಟು ಸವೆದಿದೆ ಎಂಬುದರಿಂದ ಅದರ ಒಡೆಯ ದನ ಕಾದವನೋ, ಪೇಟೆಯಲ್ಲಿ ಕುಳಿತು ಲಕೋಟೆ ಹರಿದವನೋ ಊಹಿಸಬಹುದು. ಮೊದಲ ಅಲಗು ಅರ್ಧಕ್ಕರ್ಧ ಕರಗಿ, ಮೂರನೆಯದು ಕಾರ್ಖಾನೆಯ ಹೊಳಪಿನಲ್ಲೇ ಉಳಿದಿದ್ದರೆ ಅವನು ಹಸು ಕರುಗಳ ಸಹವಾಸದಲ್ಲಿ ಬಾಳಿದವನಲ್ಲ. ಮಾರುಕಟ್ಟೆ ಈ ಸವೆತವನ್ನು ನಷ್ಟದ ಕಾಲಂಗೆ ಬರೆಯುತ್ತದೆ. ನನಗೆ ಅದು ಚಾಕುವಿನ ಮೇಲಿರುವ ಅತಿ ದೊಡ್ಡ ಬರಹ. ಹೊಸ ಚಾಕುವಿನಲ್ಲಿ ಓದುವುದಕ್ಕೆ ಸಿಗುವುದು ಕಂಪನಿಯ ಹೆಸರೊಂದೇ.

ಉಕ್ಕಿನ ಬಣ್ಣದ ವಿಷಯವೂ ಹೀಗೆಯೇ. ಹಳೆಯ ಚಾಕುಗಳ ಅಲಗು ಸ್ಟೇನ್‌ಲೆಸ್ ಅಲ್ಲ, ಬರೀ ಇಂಗಾಲದ ಉಕ್ಕು. ಮಾವು, ನಿಂಬೆ, ಈರುಳ್ಳಿ ತಾಗಿದರೆ ಅದು ಮೊದಲು ನೀಲಿಯಾಗಿ, ಆಮೇಲೆ ಬೂದಿ ಬಣ್ಣಕ್ಕೆ ತಿರುಗಿ, ಕಪ್ಪಾಗುತ್ತದೆ. ಬಾಳೆಕಾಯಿಯ ಒಗರು ಅದನ್ನು ಒಂದೇ ದಿನದಲ್ಲಿ ಮಸಿ ಮಾಡಬಲ್ಲದು. ಸಂಗ್ರಹಕಾರರು ಈ ಬಣ್ಣಕ್ಕೆ ಹೆದರಿ ಅಲಗನ್ನು ಎಣ್ಣೆಯಲ್ಲಿ ಮುಳುಗಿಸಿಡುತ್ತಾರೆ. ಕಬ್ಬಿಣದ ಈಳಿಗೆಮಣೆಯಲ್ಲಿ ತರಕಾರಿ ಹೆಚ್ಚಿದ ಯಾರಿಗೂ ಆ ಕಪ್ಪಿನ ಬಗ್ಗೆ ಪಾಠ ಹೇಳಬೇಕಿಲ್ಲ. ಅಲಗು ಕಪ್ಪಗಿದ್ದರೂ ಅಂಚು ಬೆಳ್ಳಗೆ ಮಿಂಚುತ್ತಿರುತ್ತದೆ, ಆ ಕಪ್ಪು ಪದರ ಕೆಂಪು ತುಕ್ಕು ಬೇಗ ಹತ್ತದಂತೆ ಒಂದಷ್ಟು ತಡೆಯುತ್ತದೆ. ದಿನವೂ ಬಳಸಿ, ಒರೆಸಿ ಇಟ್ಟ ಉಕ್ಕಿಗೆ ತುಕ್ಕು ಹಿಡಿಯುವುದು ಕಡಿಮೆ. ಮೂಲೆಗೆ ಬಿದ್ದದ್ದಕ್ಕೆ ಮೊದಲು ಹಿಡಿಯುತ್ತದೆ.

ಚಾಕುವಿನ ಉಕ್ಕನ್ನು ನೋಡಿ ಅಳೆಯಬೇಕೋ, ಕೊಯ್ದು ಅಳೆಯಬೇಕೋ ಎಂಬ ಪ್ರಶ್ನೆಗೆ ನಮ್ಮ ನಾಡಿಗೂ ನಂಟಿರುವ ಒಂದು ಉತ್ತರವಿದೆ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಂದಿನ ತುಮಕೂರು ಜಿಲ್ಲೆಯ ಚನ್ನರಾಯನದುರ್ಗದ ಕಡೆ ಮಣ್ಣಿನ ಮೂಸೆಗಳಲ್ಲಿ ಉಕ್ಕು ಕಾಯಿಸುವುದನ್ನು ಕಂಡು ವಿವರವಾಗಿ ಬರೆದಿದ್ದಾನೆ. ದಕ್ಷಿಣ ಭಾರತದ ಈ ಬಗೆಯ ಉಕ್ಕಿನ ಉಂಡೆಗಳು ಅಷ್ಟು ಹೊತ್ತಿಗಾಗಲೇ ಲಂಡನ್ನು ತಲುಪಿ ವಿಜ್ಞಾನಿಗಳ ತಲೆ ಕೆಡಿಸಿದ್ದವು. ಜಾರ್ಜ್ ಪಿಯರ್ಸನ್ 1795ರಲ್ಲಿ ರಾಯಲ್ ಸೊಸೈಟಿಗೆ ಒಪ್ಪಿಸಿದ ಪ್ರಬಂಧಕ್ಕಾಗಿ ಆ ಉಕ್ಕನ್ನು ಕಾಯಿಸಿ ಬಡಿದವನು ಜೇಮ್ಸ್ ಸ್ಟೊಡಾರ್ಟ್, ಶಸ್ತ್ರಚಿಕಿತ್ಸೆಯ ಉಪಕರಣ ಮಾಡುವ ಲಂಡನ್ನಿನ ಕುಶಲಿ. ಅವನು ಅದರಿಂದ ಮಾಡಿದ್ದು ಕತ್ತಿಯನ್ನಲ್ಲ, ಒಂದು ಪೆನ್‌ನೈಫನ್ನು, ಹಕ್ಕಿಗರಿಯ ಲೇಖನಿ ಹೆರೆಯುವ ಪುಟ್ಟ ಚಾಕುವನ್ನು. ಕೊಯ್ದು ನೋಡಿದ, ಒಳ್ಳೆಯ ಉಕ್ಕಿನ ಚಾಕುವಿಗೆ ಸಮ ಎಂದ. ಮುಂದೆ ಇದೇ ಸ್ಟೊಡಾರ್ಟ್ ಮೈಕೆಲ್ ಫ್ಯಾರಡೆಯ ಜೊತೆ ಸೇರಿ ಉಕ್ಕಿನ ಮಿಶ್ರಣಗಳ ಮೇಲೆ ಪ್ರಯೋಗಗಳನ್ನು ನಡೆಸಿದ. ನಮ್ಮ ಕುಲುಮೆಗಳ ಉಕ್ಕು ಯುರೋಪಿನ ಪ್ರಯೋಗಾಲಯದಲ್ಲಿ ತೇರ್ಗಡೆಯಾದದ್ದು ಜೇಬಿನ ಚಾಕುವಾಗಿ, ಕೊಯ್ಯುವ ಕೆಲಸದಲ್ಲಿ. ಆ ಚಾಕುವನ್ನು ಅವರು ಗಾಜಿನಡಿ ಇಟ್ಟು ನೋಡಿದ್ದರೆ ಅವರಿಗೆ ಏನೂ ತಿಳಿಯುತ್ತಿರಲಿಲ್ಲ.

ಬಳಸದ ಚಾಕುವನ್ನು ಕಂಡಾಗ ನನ್ನನ್ನು ನಿಜವಾಗಿ ಕಾಡುವುದು ಇಂಗ್ಲೆಂಡಿನ ಶೆಫೀಲ್ಡ್ ಊರು. ಹದಿನಾಲ್ಕನೇ ಶತಮಾನದ ಕೊನೆಯಲ್ಲಿ ಇಂಗ್ಲಿಷ್ ಕವಿ ಚಾಸರ್ ತನ್ನ ಕಥೆಯ ಗಿರಣಿಯವನ ಬಳಿ ಶೆಫೀಲ್ಡಿನ ಚಾಕುವೊಂದನ್ನು ಇಟ್ಟಿದ್ದಾನೆ. ಅಷ್ಟು ಹಳೆಯದು ಆ ಊರಿನ ಹೆಸರು. ಚಾಕು ಕುಶಲಿಗಳ ಸಂಘಕ್ಕೆ 1624ರಲ್ಲೇ ಕಾನೂನಿನ ಮಾನ್ಯತೆ ಸಿಕ್ಕಿತ್ತು. ಆ ಕೀರ್ತಿಯ ಬೆಲೆ ತೆತ್ತವರು ಸಾಣೆ ಹಿಡಿಯುವ ಕೂಲಿಗಳು. ಮರಳುಗಲ್ಲಿನ ಚಕ್ರದ ಮುಂದೆ ಬಾಗಿ ಕುಳಿತು ದಿನವಿಡೀ ಅಲಗು ಅರೆಯುವಾಗ ಕಲ್ಲಿನ ಧೂಳು, ಉಕ್ಕಿನ ಧೂಳು ಅವರ ಶ್ವಾಸಕೋಶಕ್ಕೆ ಇಳಿಯುತ್ತಿತ್ತು. ನೀರು ಹಾಕದೆ ಒಣಗಲ್ಲಿನ ಮೇಲೆ ಅರೆಯುವವರು ಮೂವತ್ತೈದು ದಾಟುವುದು ಅಪರೂಪ, ಒದ್ದೆಗಲ್ಲಿನವರು ನಲವತ್ತೈದರ ಆಸುಪಾಸಿನಲ್ಲಿ ಹೋಗುತ್ತಾರೆ ಎಂದು ಶೆಫೀಲ್ಡಿನ ವೈದ್ಯ ನೈಟ್ ದಾಖಲಿಸಿದ್ದ. ಕಾರ್ಮಿಕರ ಸ್ಥಿತಿಗತಿಯ ಬಗ್ಗೆ 1845ರಲ್ಲಿ ಬರೆದ ಪುಸ್ತಕದಲ್ಲಿ ಏಂಗೆಲ್ಸ್ ಅದನ್ನು ಎತ್ತಿ ಹೇಳಿದ್ದಾನೆ. ವಿಕ್ಟೋರಿಯಾ ಕಾಲದ ಒಂದು ಶೆಫೀಲ್ಡ್ ಚಾಕುವನ್ನು ಕೈಯಲ್ಲಿ ಹಿಡಿದಾಗ ಈ ಸತ್ಯವನ್ನೂ ಹಿಡಿದಿರುತ್ತೇವೆ. ಆ ಅಂಚಿಗಾಗಿ ಒಬ್ಬನ ಉಸಿರು ಖರ್ಚಾಗಿದೆ. ಅದರಿಂದ ಒಂದು ಸೇಬನ್ನೂ ಕೊಯ್ಯದೆ, ‘ಅಂಚು ತಾಗಿಲ್ಲ’ ಎಂದು ಹೆಮ್ಮೆಪಟ್ಟು ಮಾರುವುದನ್ನು ಆ ಶ್ರಮಕ್ಕೆ ಸಲ್ಲುವ ಗೌರವ ಎಂದು ಒಪ್ಪಲು ನನ್ನಿಂದಾಗದು. ನಮ್ಮ ಆಯುಧಪೂಜೆಯಲ್ಲಿ ಕುಂಕುಮ ಹಚ್ಚಿಸಿಕೊಳ್ಳುವುದು ವರ್ಷವಿಡೀ ದುಡಿದ ಕುಡುಗೋಲು, ಉಳಿ, ರಾಟೆ, ಲಾರಿ. ಅವುಗಳಿಗೆ ಒಂದು ದಿನದ ರಜೆ, ಮರುದಿನ ಮತ್ತೆ ಕೈಗೆ. ದುಡಿಯದ ಉಪಕರಣಕ್ಕೆ ಪೂಜೆ ಮಾಡುವ ಪದ್ಧತಿ ನಮ್ಮಲ್ಲಿಲ್ಲ.

ಇಷ್ಟಕ್ಕೂ ಪೆಟ್ಟಿಗೆ ಚಾಕುವನ್ನು ಕಾಪಾಡುತ್ತದೆ ಎಂಬುದೇ ಪೂರ್ತಿ ನಿಜವಲ್ಲ. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಸೆಲ್ಯುಲಾಯ್ಡ್ ಹಿಡಿಯ ಚಾಕುಗಳು ಲಕ್ಷಗಟ್ಟಲೆ ತಯಾರಾದವು, ಆಮೆಚಿಪ್ಪಿನ ಬಣ್ಣ, ದಂತದ ಬಣ್ಣ, ಮಿಠಾಯಿಯ ಪಟ್ಟೆಗಳ ಬಣ್ಣ. ಈ ವಸ್ತು ದಶಕಗಳು ಕಳೆದಂತೆ ತಾನೇ ಕೊಳೆಯುತ್ತದೆ. ಕೊಳೆಯುವಾಗ ಸಾರಜನಕದ ಆಮ್ಲೀಯ ಆವಿ ಹೊರಡುತ್ತದೆ. ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲಿ ಆ ಆವಿ ನಿಂತು, ಮೊದಲು ಅದೇ ಚಾಕುವಿನ ಅಲಗನ್ನು, ಆಮೇಲೆ ಪಕ್ಕದಲ್ಲಿ ಮಲಗಿದ ಆರೋಗ್ಯವಂತ ಚಾಕುಗಳನ್ನೂ ತಿನ್ನುತ್ತದೆ. ಗಾಳಿಯಾಡುವ ಕಡೆ ಇದ್ದು, ಆಗಾಗ ಕೈಗೆ ಬಂದು, ಒರೆಸಿಕೊಂಡಿದ್ದರೆ ಕೆಡುಕು ಬೇಗ ಕಣ್ಣಿಗೆ ಬೀಳುತ್ತಿತ್ತು. ಚರ್ಮದ ಒರೆಯಲ್ಲಿ ವರ್ಷಗಟ್ಟಲೆ ಮಲಗಿಸಿದ್ದೂ ಹೀಗೆಯೇ ಕೆಡುತ್ತದೆ. ಚರ್ಮ ಹದ ಮಾಡಿದ ರಾಸಾಯನಿಕ ಮತ್ತು ಹೀರಿದ ತೇವ ಎರಡೂ ಸೇರಿ ಹಿತ್ತಾಳೆಯನ್ನು ಹಸಿರು ಮಾಡುತ್ತವೆ, ಉಕ್ಕಿನಲ್ಲಿ ಗುಳಿ ತೋಡುತ್ತವೆ.

ಹಿಡಿಯ ವಿಷಯದಲ್ಲಿ ಕೈಯೇ ಒಳ್ಳೆಯ ಕಾವಲುಗಾರ. ಶೆಫೀಲ್ಡ್ ಮತ್ತು ಜರ್ಮನಿಯ ಸೋಲಿಂಗೆನ್ ಊರುಗಳಿಗೆ ಬಹುಕಾಲ ನಮ್ಮ ಕಡವೆಯ ಕೊಂಬು ಹೋಗುತ್ತಿತ್ತು. ಒಳಗೆ ಗಟ್ಟಿ, ಮೇಲೆ ಒರಟು ತೊಗಟೆ, ಹಿಡಿದರೆ ಜಾರುವುದಿಲ್ಲ. 1990ರ ದಶಕದ ಕೊನೆಗೆ ಭಾರತ ಅದರ ರಫ್ತನ್ನು ನಿಷೇಧಿಸಿತು. ಅದು ಸರಿಯಾದ ನಿರ್ಧಾರ. ಆ ತೊಗಟೆಯ ಹೋಲಿಕೆ ತರಲೆಂದೇ ದನದ ಮೂಳೆಗೆ ಗೀರು ಕೊರೆದು, ಬಣ್ಣ ಹಾಕಿ ಹಿಡಿ ಮಾಡುವ ಪದ್ಧತಿ ಮೊದಲಿನಿಂದಲೂ ಇತ್ತು. ಅಂಥ ಮೂಳೆಯ ಹಿಡಿ ಬಳಸಿದಷ್ಟೂ ನುಣುಪಾಗಿ, ಅಂಗೈಯ ಎಣ್ಣೆ ಹೀರಿ, ಗೀರುಗಳ ನೆತ್ತಿ ಮಾತ್ರ ತಿಳಿಬಣ್ಣಕ್ಕೆ ತಿರುಗಿ ಬಲು ಚಂದ ಕಾಣುತ್ತದೆ.

‘ಬಳಸದಿದ್ದರೆ ಮಾತ್ರ ಬೆಲೆ’ ಎಂಬ ನಿಯಮ ಸುಳ್ಳಿಗೂ ದಾರಿ ಮಾಡಿದೆ. ದುಡಿದ ಅಲಗನ್ನು ಬಟ್ಟೆಚಕ್ರಕ್ಕೆ ಒತ್ತಿ ಕನ್ನಡಿ ಮಾಡುತ್ತಾರೆ, ಮುದ್ರೆಯ ಅಕ್ಷರಗಳ ಅಂಚು ಕರಗಿ ಹೋಗುತ್ತದೆ. ಬೇರೆ ಚಾಕುವಿನ ಅಲಗನ್ನು ಕಿತ್ತು ಜೋಡಿಸುತ್ತಾರೆ. ಹಳೆಯದು ಹಳೆಯದಾಗಿಯೇ ಉಳಿದು, ಹೊಸದೆಂಬ ವೇಷ ಹಾಕಿಕೊಂಡು ಗಿರಾಕಿಯನ್ನು ಹುಡುಕುತ್ತದೆ. ಸವೆತಕ್ಕೆ ಮರ್ಯಾದೆ ಇದ್ದಿದ್ದರೆ ಈ ವೇಷವೇ ಬೇಕಿರಲಿಲ್ಲ.

ಪರಂಪರೆಯನ್ನು ಕಾಪಾಡಬೇಕಾದರೆ ಮುಟ್ಟಬಾರದು ಎನ್ನುವವರು ಆ ಪರಂಪರೆ ಹುಟ್ಟಿದ್ದು ಹೇಗೆ ಎಂದು ನೋಡಲಿ. ದಕ್ಷಿಣ ಫ್ರಾನ್ಸಿನ ಅವೆರೋಂ ಸೀಮೆಯ ಲಾಯೋಲ್ ಹಳ್ಳಿಯ ಚಾಕು ಇವತ್ತು ಜಗತ್ತಿನ ದೊಡ್ಡ ಹೋಟೆಲುಗಳ ಮೇಜಿನ ಮೇಲಿದೆ. ಅದರ ಹಿಡಿಯ ಮೇಲಿನ ಜೇನುನೊಣವನ್ನು ನೆಪೋಲಿಯನ್ ಆ ಹಳ್ಳಿಯವರ ಶೌರ್ಯಕ್ಕೆ ಮೆಚ್ಚಿ ದಯಪಾಲಿಸಿದ ಎಂದು ಮಾರುವವರು ಹೇಳುತ್ತಾರೆ. ನೆಪೋಲಿಯನ್ ಸತ್ತದ್ದು 1821ರಲ್ಲಿ. ಪಿಯರ್-ಜಾನ್ ಕಾಲ್ಮೆಲ್ಸ್ ಈ ಚಾಕುವಿಗೆ ರೂಪ ಕೊಟ್ಟದ್ದು 1829ರಲ್ಲಿ. ಜೇನುನೊಣ ಕಾಣಿಸಿಕೊಂಡದ್ದು ಇಪ್ಪತ್ತನೇ ಶತಮಾನ ಕಾಲಿಟ್ಟ ಮೇಲೆ. ನಿಜವಾದ ಚರಿತ್ರೆ ಈ ದಂತಕಥೆಗಿಂತ ಎಷ್ಟೋ ಸೊಗಸಾಗಿದೆ. ಹಸಿ ಮೇವು ತಿಂದು ಹೊಟ್ಟೆಯುಬ್ಬರಿಸಿದ ಹಸು ಉಸಿರುಕಟ್ಟಿ ಬೀಳುವ ಮೊದಲು ಅದರ ಪಕ್ಕೆಗೆ ಚುಚ್ಚಿ ಗಾಳಿ ಬಿಡಬೇಕಾಗುತ್ತದೆ. ದನಗಾಹಿಗಳ ಆ ಕಷ್ಟಕ್ಕೆಂದು ಹತ್ತೊಂಬತ್ತನೇ ಶತಮಾನದ ನಡುವಿನ ಹೊತ್ತಿಗೆ ಚಾಕುವಿಗೆ ಒಂದು ದಬ್ಬಳ ಸೇರಿತು. ಬೆಟ್ಟದ ಮೇಲೆ ಹೊಟ್ಟೆಗಿಲ್ಲದೆ ಪ್ಯಾರಿಸ್ಸಿಗೆ ವಲಸೆ ಹೋದ ಮಕ್ಕಳು ಅಲ್ಲಿ ಕೆಫೆಗಳಲ್ಲಿ ದುಡಿಯತೊಡಗಿದರು. 1880ರಲ್ಲಿ ದ್ರಾಕ್ಷಾರಸದ ಬಾಟಲಿ ಬಿಚ್ಚುವ ತಿರುಪು ಸೇರಿತು. ದನ, ವಲಸೆ, ಬಾಟಲಿ, ಇವೇ ಅದನ್ನು ‘ಪಾರಂಪರಿಕ’ ಮಾಡಿದವು. ಮುಂದೆ ತಯಾರಿಕೆ ಬಹುಪಾಲು ತಿಯೆರ್ ಪಟ್ಟಣಕ್ಕೆ ಹೋಯಿತು, ಹಳ್ಳಿಯ ಕುಲುಮೆಗಳು ಆರಿದವು, 1987ರಲ್ಲಿ ಮತ್ತೆ ಹೊತ್ತಿಸಿದರು. ಪ್ರತಿ ತಲೆಮಾರೂ ತನ್ನ ಕೆಲಸಕ್ಕೆ ತಕ್ಕಂತೆ ತಿದ್ದಿಕೊಂಡ ವಸ್ತುವನ್ನು ನಮ್ಮ ತಲೆಮಾರು ಮಾತ್ರ ಮುಟ್ಟದೆ ಮುಂದಕ್ಕೆ ಕೊಡಬೇಕೇ?

ಪ್ರದರ್ಶನಕ್ಕೆಂದೇ ಮಾಡಿದ ಚಾಕುಗಳೂ ಇದ್ದವು, ಅದನ್ನು ಮರೆತಿಲ್ಲ. ಶೆಫೀಲ್ಡಿನ ಜೋಸೆಫ್ ರಾಜರ್ಸ್ ಕಂಪನಿ 1822ರಲ್ಲಿ ಆ ಇಸವಿಯ ಸಂಖ್ಯೆಯಷ್ಟೇ ಅಲಗುಗಳಿರುವ ಒಂದು ಚಾಕು ಮಾಡಿತು, 1851ರ ಲಂಡನ್ ಮಹಾಪ್ರದರ್ಶನಕ್ಕೆ 75 ಅಲಗುಗಳ ನಾರ್ಫೋಕ್ ಚಾಕುವನ್ನು ಕಳಿಸಿತು. ಅವು ಕುಶಲತೆಯ ಪತಾಕೆಗಳು, ಗಾಜಿನಡಿ ಇರಬೇಕಾದವೇ. ಯಾವ ಜೇಬಿಗೂ ಅವನ್ನು ಮಾಡಿರಲಿಲ್ಲ.

ಇನ್ನು ಭಯದ ಮಾತು. ಮಡಚುವ ಚಾಕು ಎಂದರೆ ನಮ್ಮ ಮನಸ್ಸಿಗೆ ಬರುವ ಚಿತ್ರವನ್ನು ಬರೆದದ್ದು ಬಹುಮಟ್ಟಿಗೆ ಹಿಂದಿ ಸಿನಿಮಾ. ಉತ್ತರ ಪ್ರದೇಶದ ರಾಂಪುರದ ಕುಶಲಿಗಳು ನವಾಬರ ಕಾಲದಿಂದ ಮಾಡುತ್ತಿದ್ದ ಉದ್ದ ಅಲಗಿನ ಚಾಕು ಪರದೆಯ ಮೇಲೆ ಖಳನ ಕೈಗೆ ಹೋಗಿ, ಅಲ್ಲಿಯೇ ಉಳಿಯಿತು. 1990ರ ದಶಕದಲ್ಲಿ ಆ ರಾಜ್ಯದ ಸರ್ಕಾರ ನಾಲ್ಕೂವರೆ ಇಂಚಿಗಿಂತ ಉದ್ದದ ಅಲಗನ್ನು ನಿಷೇಧಿಸಿತು. ಕಸುಬುದಾರರು ಒಬ್ಬೊಬ್ಬರೇ ಬೇರೆ ಕೆಲಸ ಹಿಡಿದರು. ಕೊನೆಗೆ 2023ರಲ್ಲಿ ಅದೇ ಊರಿನ ಒಂದು ವೃತ್ತದಲ್ಲಿ ಸುಮಾರು ಇಪ್ಪತ್ತು ಅಡಿ ಉದ್ದದ ಚಾಕುವಿನ ಪ್ರತಿಮೆ ನಿಲ್ಲಿಸಲಾಯಿತು. ಮೊದಲು ಭಯ ಕೈಯಿಂದ ಕಿತ್ತುಕೊಂಡಿತು, ಆಮೇಲೆ ಮೋಹ ಪೀಠದ ಮೇಲೆ ಕೂರಿಸಿತು. ನಡುವೆ ಚಾಕು ಮಾಡುವವನಿಗೆ ಅನ್ನ ಹುಟ್ಟಲಿಲ್ಲ. ಈ ಎರಡು ನಂಬಿಕೆಗಳು ಒಂದೇ ಎಂದು ನಾನು ಹೇಳುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ನನಗೆ ಗೊತ್ತಿಲ್ಲ.

ಜಪಾನಿನಲ್ಲಿ ನಡೆದದ್ದು ಇನ್ನೂ ನೋಯಿಸುವಂಥದ್ದು. ಹ್ಯೋಗೊ ಪ್ರಾಂತ್ಯದ ಮಿಕಿ ಕಮ್ಮಾರರ ಊರು. ಅಲ್ಲಿ 1890ರ ದಶಕದಲ್ಲಿ ಹುಟ್ಟಿದ ಹಿಗೊನೊಕಾಮಿ ಎಂಬ ಚಾಕುವಿಗೆ ಸ್ಪ್ರಿಂಗ್ ಇಲ್ಲ, ಬೀಗವಿಲ್ಲ. ಮಡಚಿದ ತಗಡಿನ ಹಿಡಿ, ಅಲಗಿನ ಬುಡದಿಂದ ಈಚೆ ಬಂದ ಒಂದು ಪುಟ್ಟ ಬಾಲ, ಅದನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದರೆ ಚಾಕು ಬಿಚ್ಚಿ ನಿಲ್ಲುತ್ತದೆ. ಇಡೀ ದೇಶದ ಶಾಲಾ ಮಕ್ಕಳ ಪೆನ್ಸಿಲ್ ಡಬ್ಬಿಯಲ್ಲಿ ಅದಿರುತ್ತಿತ್ತು. ಅದರಿಂದ ಪೆನ್ಸಿಲ್ ಹೆರೆಯುತ್ತಿದ್ದರು, ಬಿದಿರು ಸೀಳಿ ಆಟಿಕೆ ಮಾಡುತ್ತಿದ್ದರು. 1960ರ ಅಕ್ಟೋಬರ್ 12ರಂದು ಟೋಕಿಯೊದ ಹಿಬಿಯಾ ಸಭಾಂಗಣದಲ್ಲಿ ಸಮಾಜವಾದಿ ಪಕ್ಷದ ನಾಯಕ ಅಸನುಮಾ ಇನೆಜಿರೊ ಭಾಷಣ ಮಾಡುತ್ತಿದ್ದಾಗ ಹದಿನೇಳರ ಹುಡುಗನೊಬ್ಬ ನುಗ್ಗಿ ಇರಿದು ಕೊಂದ. ಅವನ ಕೈಯಲ್ಲಿದ್ದದ್ದು ಹಳೆಯ ಗಿಡ್ಡ ಖಡ್ಗ. ಆದರೆ ಅದರ ಬೆನ್ನಿಗೆ ಬಲ ಪಡೆದ ‘ಅಲಗು ಬೇಡ’ ಆಂದೋಲನ ಕಿತ್ತುಕೊಂಡದ್ದು ಮಕ್ಕಳ ಪೆನ್ಸಿಲ್ ಚಾಕುವನ್ನು. ತಿರುಗಿಸಿ ಹೆರೆಯುವ ಯಂತ್ರಗಳು ಬಂದವು, ಅದೂ ಒಂದು ಕಾರಣ. ಮಿಕಿಯಲ್ಲಿ ಒಂದು ಕಾಲಕ್ಕೆ ಹತ್ತಾರು ಮನೆಗಳು ಮಾಡುತ್ತಿದ್ದ ಈ ಚಾಕುವನ್ನು ಆ ಹೆಸರಿನಲ್ಲಿ ಮಾಡುವ ಹಕ್ಕು ಉಳಿದಿರುವುದು ಈಗ ನಾಗಾವೊ ಮನೆತನದ ಒಂದೇ ಕಾರ್ಯಾಗಾರಕ್ಕೆ. ಆದರೂ ನಗಾನೊ ಪ್ರಾಂತ್ಯದ ಇಕೆದಾ ಪಟ್ಟಣದ ಐಸೊಮೆ ಪ್ರಾಥಮಿಕ ಶಾಲೆ 1980ರ ದಶಕದಿಂದ ಮಕ್ಕಳ ಕೈಗೆ ಹಿಗೊನೊಕಾಮಿ ಕೊಟ್ಟು ಪೆನ್ಸಿಲ್ ಹೆರೆಯುವುದನ್ನು ಕಲಿಸುತ್ತಿದೆ. ಬೆರಳು ಕೊಯ್ದುಕೊಂಡ ಮಗುವಿಗೆ ಅಲಗಿನ ಭಾರ ತಿಳಿಯುತ್ತದೆ ಎಂಬ ನಂಬಿಕೆ ಆ ಶಾಲೆಯದು, ನನ್ನದೂ ಅದೇ.

ನಮ್ಮಲ್ಲಿ ಅಲಗನ್ನು ಮೈಮೇಲೆ ಹೊತ್ತು ತಿರುಗುವುದು ಹೊಸತೇನೂ ಅಲ್ಲ. ಎಲೆಯಡಿಕೆಯ ಚಂಚಿಯಲ್ಲಿ ಸುಣ್ಣದ ಡಬ್ಬಿಯ ಜೊತೆಗೆ ಅಡಕೊತ್ತು ಇರುತ್ತಿತ್ತು. ಹರಿತವಾದ ಅಲಗು, ಬೆರಳನ್ನು ತುಂಡರಿಸುವಷ್ಟು ಬಲದ ಸನ್ನೆ. ಅಜ್ಜ ಅದನ್ನು ಜಗಲಿಯಲ್ಲಿ, ಬಸ್ಸಿನಲ್ಲಿ, ಮದುವೆ ಚಪ್ಪರದಲ್ಲಿ ತೆಗೆದರೆ ಯಾರೂ ಬೆಚ್ಚುತ್ತಿರಲಿಲ್ಲ, ಕೈ ಚಾಚಿ ತಮಗೂ ಎರಡು ಹೋಳು ಕೇಳುತ್ತಿದ್ದರು. ಅದು ದುಡಿಯುವುದನ್ನು ದಿನವೂ ಕಂಡವರಿಗೆ ಅದರ ಮೇಲೆ ಭಯ ಹುಟ್ಟಲು ಜಾಗವಿರಲಿಲ್ಲ. ಈಗ ಕುದುರೆಯಾಕಾರದ, ಗಿಳಿಯಾಕಾರದ ಹಿತ್ತಾಳೆ ಅಡಕೊತ್ತುಗಳು ಪುರಾತನ ವಸ್ತುಗಳ ಅಂಗಡಿಯಲ್ಲಿ ಮಾರಾಟಕ್ಕಿವೆ, ಕೊಂಡವರು ಗೋಡೆಗೆ ನೇತುಹಾಕುತ್ತಾರೆ. ಹೋಳು ಕೇಳುವ ಕೈ ಅಲ್ಲಿಲ್ಲ.

ಕಾನೂನನ್ನು ಕಡೆಗಣಿಸಿ ನಾನು ಮಾತಾಡುತ್ತಿಲ್ಲ. 1959ರ ಆಯುಧ ಕಾಯ್ದೆಯಡಿಯ ನಿಯಮಗಳು ಆಯುಧಗಳ ಪಟ್ಟಿಗೆ ಸೇರಿಸಿರುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚಾಕುಗಳನ್ನು. ಮನೆ, ಬೇಸಾಯ, ಕೈಗಾರಿಕೆ, ವಿಜ್ಞಾನದ ಬಳಕೆಗೆಂದು ಮಾಡಿದವನ್ನು ಅದರಿಂದಲೂ ಹೊರಗಿಟ್ಟಿದೆ. ಬ್ರಿಟನ್ನಿನ 1988ರ ಕಾಯ್ದೆ 3 ಇಂಚು ಮೀರದ, ಬೀಗವಿಲ್ಲದ ಮಡಚುವ ಚಾಕುವನ್ನು ಕಾರಣ ಕೇಳದೆ ಜೊತೆಗಿಟ್ಟುಕೊಳ್ಳಲು ಬಿಡುತ್ತದೆ. ಶೆಫೀಲ್ಡಿನ ಹಳೆಯ ಮಾದರಿಗಳು ಇವತ್ತಿಗೂ ಬದುಕಿರುವುದಕ್ಕೆ ಇದೂ ಒಂದು ಕಾರಣ. ವಿಮಾನ, ಮೆಟ್ರೊ, ನ್ಯಾಯಾಲಯಗಳಿಗೆ ಹೋಗುವ ದಿನ ಚಾಕು ಮನೆಯಲ್ಲಿರಬೇಕು, ಪೊಲೀಸರು ನಿರ್ಬಂಧ ಹೊರಡಿಸಿದ ದಿನಗಳಲ್ಲಿಯೂ ಅಷ್ಟೆ. ಆತ್ಮರಕ್ಷಣೆಗೆಂದು ಚಾಕು ಇಟ್ಟುಕೊಳ್ಳುತ್ತೇನೆ ಎನ್ನುವವನು ನನ್ನ ಪಕ್ಷದವನಲ್ಲ. ಜಗಳದಲ್ಲಿ ಹೊರಬರುವ ಚಾಕು ಹಿಡಿದವನನ್ನೂ ಹಾಳು ಮಾಡುತ್ತದೆ. ಬೀಗವಿಲ್ಲದ, ಎರಡು ಕೈಯಲ್ಲಿ ನಿಧಾನವಾಗಿ ಬಿಚ್ಚಬೇಕಾದ, ಚುಚ್ಚಿದರೆ ಹಿಡಿದವನ ಬೆರಳ ಮೇಲೆಯೇ ಮಡಚಿಕೊಳ್ಳುವ ಹಳೆಯ ಜೇಬಿನ ಚಾಕು ಅಂಥ ಕೆಲಸಕ್ಕೆ ಒದಗುವುದೂ ಇಲ್ಲ.

ಎಲ್ಲವನ್ನೂ ಸವೆಸಬೇಕೇ ಎಂದರೆ, ಇಲ್ಲ. ಒಂದೇ ಒಂದು ಉಳಿದಿರುವ ಮಾದರಿ, ಯಾವ ಕೈಯೂ ಮತ್ತೆ ಮಾಡಲಾಗದ ಕೆಲಸ, ಅವು ಸಂಗ್ರಹಾಲಯಕ್ಕೆ ಸೇರಬೇಕು. ಶೆಫೀಲ್ಡಿನ ಸ್ಟಾನ್ ಷಾ ಹದಿಹರೆಯದಲ್ಲಿ, 1941ರಲ್ಲಿ, ಚಾಕು ಕಸುಬಿಗೆ ಸೇರಿ, 2021ರಲ್ಲಿ ತನ್ನ 94ನೇ ವಯಸ್ಸಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಅಲಗು, ಸ್ಪ್ರಿಂಗ್, ಹಿಡಿ ಎಲ್ಲವನ್ನೂ ಒಬ್ಬನೇ ಮಾಡಬಲ್ಲ ಕೊನೆಯ ತಲೆಮಾರಿನ ಗುರುವೆನಿಸಿದ್ದ. ಅವನ ಮುತ್ತುಚಿಪ್ಪಿನ ಹಿಡಿಯ ಹಲವು ಅಲಗುಗಳ ಚಾಕುವನ್ನು ತೆಂಗಿನ ಹಗ್ಗ ಕೊಯ್ಯಲು ಒಯ್ಯಿರಿ ಎಂದು ನಾನು ಹೇಳುವುದಿಲ್ಲ. ಆದರೆ ಅಂಥವು ಬೆರಳೆಣಿಕೆಯವು. ಕಪಾಟುಗಳಲ್ಲಿ ತುಂಬಿರುವುದು ಸಾವಿರಗಟ್ಟಲೆ ತಯಾರಾದ ದುಡಿಮೆಯ ಚಾಕುಗಳು, ಅವುಗಳನ್ನು ಕಾಪಾಡುವ ನೆಪಕ್ಕೆ ಆಧಾರವಿಲ್ಲ.

ಸಂಗ್ರಹಾಲಯಕ್ಕೆ ಹೋಗುವುದಾದರೂ ಹೇಗೆ ಹೋಗಬೇಕು ಎಂಬುದನ್ನು ಅದೇ ಊರಿನ ಕೆನ್ ಹಾಲೆ ಮಾಡಿ ತೋರಿಸಿದ. ಹತಾರುಗಳ ಅಂಗಡಿ ನಡೆಸುತ್ತಿದ್ದ ಅವನು 2014ರಲ್ಲಿ ತೀರಿಕೊಳ್ಳುವವರೆಗೂ ಸಂಗ್ರಹಿಸಿದ್ದು ಬರೀ ಹೊಳೆಯುವ ವಸ್ತುಗಳನ್ನಲ್ಲ. ಅವುಗಳನ್ನು ಮಾಡಿದ ಸುತ್ತಿಗೆ, ಅಚ್ಚು, ಅರಗಳನ್ನು ತಂದ, ಅರ್ಧಕ್ಕೆ ನಿಂತ ಅಲಗುಗಳನ್ನು ತಂದ, ಮುಚ್ಚಿಹೋಗುತ್ತಿದ್ದ ಕಾರ್ಯಾಗಾರಗಳ ಬಾಗಿಲಿಗೆ ಹೋಗಿ ಮುದುಕರಾದ ಕುಶಲಿಗಳ ಕೆಲಸವನ್ನು ದಾಖಲಿಸಿದ. ಅದೆಲ್ಲ ಈಗ ಕೆಲಮ್ ಐಲೆಂಡ್ ಸಂಗ್ರಹಾಲಯದಲ್ಲಿದೆ. ಹಳೆಯ ಚಾಕುವೊಂದನ್ನು ಮಾರುವವರು, ಕೊಳ್ಳುವವರು ಕನಿಷ್ಠ ಅಷ್ಟು ಮಾಡಬಹುದು: ಇದು ಯಾರ ಜೇಬಿನಲ್ಲಿತ್ತು, ಏನನ್ನು ಕೊಯ್ಯಿತು, ಯಾವ ಕಲ್ಲಿನ ಮೇಲೆ ಮಸೆದರು ಎಂದು ಒಂದು ಚೀಟಿ ಬರೆದು ಜೊತೆಗಿಡಬಹುದು. ಕೊಂಡವರು ಅದರ ಕೆಳಗೆ ತಮ್ಮ ಸಾಲನ್ನು ಸೇರಿಸಬಹುದು. ಹತ್ತು ಚುಕ್ಕೆಗಳ ಮುದ್ರೆಗಿಂತ ಹೆಚ್ಚಿನ ಬೆಲೆಯನ್ನು ಅಂಥ ಚೀಟಿಗೆ ನಾನು ಕೊಡುತ್ತೇನೆ.